ಸಕ್ಕರೆ ತಿನ್ನಿಸಿದ ಫೈನಲ್

ನಮ್ಮ ನಾಲ್ಕು ತಾಲೂಕುಗಳ ಫುಟ್‌ಬಾಲ್ ಸಂಘದಲ್ಲಿ ಇಲ್ಲಿಯವರೆಗೆ ಯಾವ ವಿಷಯಕ್ಕೂ ಕೈ ಎತ್ತಿಸಿ ಮತ ಹಾಕಿಸಿದ್ದಿಲ್ಲ. ಸಂಘದ ಹಿರಿಯರು ಇದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ತಾಲೂಕಿಗೆ ಇಬ್ಬರು ಸದಸ್ಯರು. ಅಧ್ಯಕ್ಷಗಿರಿ ಪಾಳಿಯ ಪ್ರಕಾರ ಒಂದು ತಾಲೂಕಿನಿಂದ ಇನ್ನೊಂದಕ್ಕೆ. ಕಾಲುವೆ ನೀರಿನ ಪಾಳಿ ಕೊನೆಯ ಹೊಲಕ್ಕೆ ಮುಟ್ಟುವುದಿಲ್ಲ ಎಂದು ವರ್ಷವರ್ಷವೂ ಜಗಳವಾಗುವ ಸೀಮೆ ಇದು. ಖುರ್ಚಿಯ ಪಾಳಿ ಮಾತ್ರ ತಪ್ಪದೆ ಎಲ್ಲರಿಗೂ ಮುಟ್ಟುತ್ತದೆ. ಈಚೆಗೆ ಹೊಸ ತಾಲೂಕುಗಳಾದವು, ತಾಳಿಕೋಟೆಯೂ ಒಂದು ತಾಲೂಕಾಯಿತು. ಸಂಘ ಮಾತ್ರ ಹಳೆಯ ನಾಲ್ಕನ್ನೇ ಹಿಡಿದುಕೊಂಡಿದೆ, ತಾಳಿಕೋಟೆಯವರು ಇನ್ನೂ ಮುದ್ದೇಬಿಹಾಳದ ಪಾಲಿಗೇ ಬರುತ್ತಾರೆ.

ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಸಂಘದ ಸದಸ್ಯಳಲ್ಲ, ರೆಫರಿ. ರೆಫರಿ ಪರೀಕ್ಷೆ ಪಾಸಾದವರು ನಮ್ಮ ಸಂಘದಲ್ಲಿ ಬೇರೆ ಯಾರೂ ಇಲ್ಲ, ಹಾಗಾಗಿ ದೊಡ್ಡ ಪಂದ್ಯಗಳಿಗೆಲ್ಲ ನನಗೇ ಕರೆ. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವಳ ಕೈಗೇ ಸೀಟಿಯನ್ನೂ ಕೊಟ್ಟಿದ್ದಾರಲ್ಲ ಎಂದು ನನ್ನ ಗಂಡ ನಗುತ್ತಾರೆ. ನಗಲಿ. ಸಿಟ್ಟು ಇಲ್ಲದಿದ್ದರೆ ನಮ್ಮ ಕಡೆ ಹೆಂಗಸು ಚಡ್ಡಿ ಹಾಕಿಕೊಂಡು ಮೈದಾನದ ನಡುವೆ ನಿಂತು ಗಂಡಸರಿಗೆ ಹೊರಗೆ ಹೋಗಿ ಎಂದು ಹೇಳಲಿಕ್ಕೆ ಆಗುತ್ತಿರಲಿಲ್ಲ.

ಮದುವೆಗೆ ಮೊದಲು ನಾನು ಕೆಲಕಾಲ ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪದೇಶದಲ್ಲಿ ಆಟದ ಟೀಚರ್ ಆಗಿದ್ದೆ. ಆ ದೇಶದವರು ನಮ್ಮಲ್ಲಿಂದ ಶಿಕ್ಷಕರನ್ನು ಕರೆಸಿಕೊಳ್ಳುತ್ತಿದ್ದರು. ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ, ಕೆಲಸ ಸಿಕ್ಕಿಬಿಟ್ಟಿತು. ಎರೆಮಣ್ಣಿನ ಸೀಮೆಯಲ್ಲಿ ಹುಟ್ಟಿದ ನಾನು ಸಮುದ್ರ ನೋಡಿದ್ದು ಆ ನೌಕರಿಯ ದೆಸೆಯಿಂದಲೇ. ಇಡೀ ದೇಶದಲ್ಲಿ ಇಂಡಿ ತಾಲೂಕಿನಷ್ಟು ಮಂದಿಯೂ ಇರಲಿಲ್ಲವೆಂದು ನನ್ನ ಅಂದಾಜು. ಆದರೂ ಅದಕ್ಕೊಂದು ಫುಟ್‌ಬಾಲ್ ಒಕ್ಕೂಟವಿತ್ತು. ಜಗತ್ತಿನ ಫುಟ್‌ಬಾಲ್ ಸಭೆಯಲ್ಲಿ ದೊಡ್ಡ ದೊಡ್ಡ ದೇಶಗಳಿಗೆ ಒಂದು ಮತವಾದರೆ ಅದಕ್ಕೂ ಒಂದು ಮತ. ಒಕ್ಕೂಟದ ಆಫೀಸು ಬಂದರಿನ ಹತ್ತಿರ ಒಂದು ಅಂಗಡಿಯ ಮಾಳಿಗೆ ಮೇಲೆ. ಅಧ್ಯಕ್ಷ ಮೀನಿನ ವ್ಯಾಪಾರಿ, ಕಾರ್ಯದರ್ಶಿ ಅವನ ಹೆಂಡತಿಯ ತಮ್ಮ, ರೆಫರಿ ಐಸ್ ಫ್ಯಾಕ್ಟರಿಯ ನೌಕರ. ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರು. ನನಗೆ ನಮ್ಮೂರಿಗೇ ಬಂದ ಹಾಗೆ ಅನಿಸಿತ್ತು.

ಅಲ್ಲಿ ಎರಡು ಸಂಗತಿ ನೋಡಿದೆ. ಒಮ್ಮೆ ಆ ರೆಫರಿ ಅಧ್ಯಕ್ಷನ ಮಗನ ತಂಡದ ವಿರುದ್ಧವೇ ಪೆನಾಲ್ಟಿ ಕೊಟ್ಟ. ಅಧ್ಯಕ್ಷ ಕುಳಿತಲ್ಲಿಂದಲೇ ಬಾಯಿಗೆ ಬಂದ ಹಾಗೆ ಬೈದ, ಮಗನ ತಂಡ ಸೋತಿತು. ಸಂಜೆ ಅದೇ ಅಧ್ಯಕ್ಷ ಅದೇ ರೆಫರಿಯ ಮನೆಗೆ ಊಟಕ್ಕೆ ಹೋದ. ಬೈಗುಳ ಬೈಗುಳವೇ, ಫಲಿತಾಂಶ ಫಲಿತಾಂಶವೇ. ಇನ್ನೊಂದು, ನಾನು ಹೊರಡುವ ಮುಂಚಿನ ತಿಂಗಳುಗಳದು. ಒಕ್ಕೂಟ ಒಡೆದು ಎರಡು ಗುಂಪಾಗಿ, ಬೇರೆ ಬೇರೆ ಚುನಾವಣೆ ಮಾಡಿಕೊಂಡು, ತಮ್ಮವನೇ ಅಧ್ಯಕ್ಷನೆಂದು ಎರಡೂ ಗುಂಪಿನವರು ಜಗತ್ತಿನ ಸಭೆಗೆ ಬರೆದರು. ಒಬ್ಬರು ಎಂದು ಆಗುವ ತನಕ ಯಾರೂ ಅಲ್ಲ ಎಂದು ಮೇಲಿನಿಂದ ಉತ್ತರ ಬಂತು. ಆ ದೇಶದ ತಂಡ ಹೊರಗೆ ಎಲ್ಲೂ ಆಡುವ ಹಾಗಿಲ್ಲದೆ ಮನೆಯಲ್ಲಿ ಕುಳಿತಿತು. ಆಟಗಾರರು ಸಂಜೆ ಮರಳಿನ ಮೇಲೆ ತಮ್ಮ ತಮ್ಮಲ್ಲೇ ಚೆಂಡು ಒದೆಯುತ್ತಿದ್ದರು. ಇಬ್ಬರೂ ಗೆದ್ದೆವು ಎಂದರೆ ಕೊನೆಗೆ ಆಟ ತಪ್ಪುವುದು ಆಡುವವರಿಗೆ ಎಂದು ನಾನು ಅಲ್ಲಿ ಕಣ್ಣಾರೆ ಕಂಡಿದ್ದೆ.

ಊರಿಗೆ ಬಂದು ನೋಡಿದರೆ ಇಲ್ಲಿ ಸುತ್ತಲೂ ಕ್ರಿಕೆಟ್. ಅದರ ನಡುವೆ ನಮ್ಮ ನಾಲ್ಕು ತಾಲೂಕಿನ ಫುಟ್‌ಬಾಲೂ ಒಂದು ದ್ವೀಪವೇ. ಜೋಳ, ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಕಿತ್ತು ಹಸನು ಮಾಡಿ ಆಡುವವರು, ಸಾಲಿ ಮೈದಾನದಲ್ಲಿ ಕೊಳವೆ ನೆಟ್ಟು ಗೋಲ್‌ಪೋಸ್ಟ್ ಮಾಡಿಕೊಂಡವರು, ಇಂಥವರೆಲ್ಲ ಸೇರಿ ಸಂಘ ಕಟ್ಟಿದ್ದು. ಹುಡುಗಿಯರ ತಂಡಗಳು ಶುರುವಾದದ್ದು ಈಚಿನ ಕೆಲವು ವರ್ಷಗಳಲ್ಲಿ.

ನಾನು ಹೇಳಹೊರಟ ಫೈನಲ್ ಆ ಹುಡುಗಿಯರದು. ಇಂಡಿ ಮತ್ತು ಮುದ್ದೇಬಿಹಾಳ ಆಡುವುದು, ಇಬ್ಬರದೂ ಅಲ್ಲದ ಊರೆಂದು ಬಸವನ ಬಾಗೇವಾಡಿಯಲ್ಲಿ. ಗೆದ್ದವರು ವಿಭಾಗ ಮಟ್ಟಕ್ಕೆ ಹೋಗುತ್ತಾರೆ, ಅಲ್ಲಿ ರಾಜ್ಯದ ಆಯ್ಕೆದಾರರು ಬಂದು ಕೂರುತ್ತಾರೆ. ಇಂಡಿಯ ನಾಯಕಿ ಲಚ್ಯಾಣದ ಒಬ್ಬ ಮಾಸ್ತರರ ಮಗಳು. ಅವಳಿಗೆ ಆ ವಯೋಮಿತಿಯಲ್ಲಿ ಅದೇ ಕೊನೆಯ ವರ್ಷ. ಹಿಂದಿನ ವರ್ಷಗಳಲ್ಲಿ ಒಮ್ಮೆ ಸೆಮಿಫೈನಲ್ಲಿನಲ್ಲಿ ಸೋತಿದ್ದಳು, ಒಮ್ಮೆ ಕಾಲು ಉಳುಕಿಸಿಕೊಂಡು ಹೊರಗೆ ಕುಳಿತಿದ್ದಳು. ಪಂದ್ಯಕ್ಕೆ ಮುಂಚೆ ಬೂಟಿನ ದಾರ ಕಟ್ಟುತ್ತ ನನ್ನ ಹತ್ತಿರ ಹೇಳಿದಳು, "ನನ್ನ ಆಟ ಒಮ್ಮೆ ಅವರು ನೋಡ್ಲಿರಿ ಮೇಡಂ. ನೋಡಿ ಬ್ಯಾಡ ಅಂದ್ರ ಅನ್ಲಿ. ನೋಡದs ಉಳದ್ರ ಜಲ್ಮಪೂರ್ತಿ ಕೊರೀತತಿ." ರೆಫರಿ ಆಟಗಾರರ ಜೊತೆ ಇಂಥ ಮಾತಿಗೆ ನಿಲ್ಲಬಾರದು. ನಾನು ಹೂಂ ಎಂದು ಮುಂದೆ ಹೋದೆ.

ಪಂದ್ಯ ಬಿರುಸಾಗಿತ್ತು, ಗೋಲು ಮಾತ್ರ ಇರಲಿಲ್ಲ. ಇನ್ನೇನು ಮುಗಿಯಬೇಕು ಎನ್ನುವಾಗ ಇಂಡಿಯ ನಾಯಕಿ ದೂರದಿಂದ ಒದ್ದಳು. ಚೆಂಡು ಮೇಲಿನ ಅಡ್ಡಕಂಬದ ಕೆಳಮೈಗೆ ಬಡಿದು ನೇರ ಕೆಳಗೆ ಬಿದ್ದು ಹೊರಗೆ ಪುಟಿಯಿತು. ಬಿದ್ದದ್ದು ಗೆರೆಯ ಒಳಗೆ. ನಾನು ಹತ್ತಿರದಲ್ಲೇ ಇದ್ದೆ, ನೋಡಿದೆ, ಸೀಟಿ ಊದಿ ಗೋಲು ಕೊಟ್ಟೆ. ಮುದ್ದೇಬಿಹಾಳದಿಂದ ಬಂದಿದ್ದ ಮಂದಿ ಒಮ್ಮೆಲೇ ಒಳಗೆ ನುಗ್ಗಿದರು. ಗೆರೆಯ ಸುಣ್ಣದ ಮೇಲೆ ಚೆಂಡಿನ ಗುರುತು ಹುಡುಕುತ್ತೇವೆ ಎಂದು ಎಲ್ಲರೂ ಅದರ ಮೇಲೇ ನಿಂತರು. ಗುರುತೂ ಇಲ್ಲ, ಗೆರೆಯೂ ಇಲ್ಲ, ಬರೀ ಚಪ್ಪಲಿಯ ಅಚ್ಚು. ಇಂಡಿಯವರೂ ಸುಮ್ಮನಿರಲಿಲ್ಲ, ತೋಳು ಏರಿಸಿದರು. ನಾನು ಎಲ್ಲರನ್ನೂ ದಬ್ಬಿ ಹೊರಗೆ ಹಾಕಿ, ಉಳಿದಷ್ಟು ಆಟ ಆಡಿಸಿ, ಕೊನೆಯ ಸೀಟಿ ಊದಿದೆ. ಇಂಡಿ ಒಂದು, ಮುದ್ದೇಬಿಹಾಳ ಸೊನ್ನೆ. ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಸಂಘದ ಮಟ್ಟಿಗೆ ಅಲ್ಲಿಂದ ಶುರುವಾಯಿತು. ಆ ವರ್ಷದ ಪಾಳಿ ಮುದ್ದೇಬಿಹಾಳದ್ದು. ಅಧ್ಯಕ್ಷರು ತಾಳಿಕೋಟೆಯ ಅಡತಿ ವ್ಯಾಪಾರಿ, ತೊಗರಿ, ಕಡಲೆ ತೂಗುವವರು. ಎಲ್ಲರೂ ಅವರನ್ನು ಸಾವಕಾರರೆನ್ನುತ್ತಾರೆ. ತೆಳ್ಳಗೆ, ಬೆಳ್ಳಗಿನ ಟೊಪ್ಪಿಗೆ, ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳ, ಬದುವಿನ ಜಗಳ, ಮದುವೆ ಮುರಿಯುವ ಜಗಳ, ಎಲ್ಲಕ್ಕೂ ಸುತ್ತಿನ ಹಳ್ಳಿಯವರು ಅವರನ್ನೇ ಕರೆದುಕೊಂಡು ಹೋಗುತ್ತಾರೆ. ಅವರು ರಾಜಿ ಮಾಡಿಸಿದ ಮೇಲೆ ಎರಡೂ ಕಡೆಯವರ ಬಾಯಿಗೆ ತಮ್ಮ ಕೈಯಾರೆ ಸಕ್ಕರೆ ಹಾಕುತ್ತಾರೆ. ಸಕ್ಕರೆ ತಿಂದವರು ಮತ್ತೆ ಆ ಮಾತು ಎತ್ತುವ ಹಾಗಿಲ್ಲ. ಎತ್ತಿದವರಿಗೆ ಊರಲ್ಲಿ ಕಿಮ್ಮತ್ತು ಇರುವುದಿಲ್ಲ.

ಶಾಮಿಯಾನದ ಕೆಳಗೆ ಹಿರಿಯರು ಗುಂಪಾಗಿ ಕುಳಿತರು. ಮಿರ್ಚಿ, ಚುರುಮುರಿ ಸೂಸಲಾ, ಚಹಾ ಬಂದವು. ಎರಡೂ ತಂಡದ ಹುಡುಗಿಯರನ್ನು ದೂರ, ಬೇವಿನ ಗಿಡದ ಬುಡಕ್ಕೆ ಕೂಡಿಸಿದ್ದರು. ಬೆವರು ಆರಿ ಅವರ ಅಂಗಿಯ ಮೇಲೆ ಉಪ್ಪಿನ ಗೆರೆ ಮೂಡಿದ್ದವು. ನಾನು ಹೋಗಿ ಹೇಳಿದೆ, ಪಂದ್ಯ ಮುಗಿದಿದೆ, ಇನ್ನು ಮಾತಾಡುವುದು ಏನಿದೆ ಎಂದು. ಸಾವಕಾರರು ಖುರ್ಚಿ ಎಳೆದು ಕೊಟ್ಟರು.

"ಕುಂದರ್ರಿ ಅಕ್ಕೋರ. ಚಹಾ ತಗೋರಿ. ನೀವು ಸೀಟಿ ಊದಿದ್ದು ತಪ್ಪಂತ ಯಾರೂ ಅನ್ನಾಕತ್ತಿಲ್ಲ."

"ತಪ್ಪಲ್ಲಂದ ಮ್ಯಾಲೆ ಇಂಡಿ ಗೆದ್ದಂಗಾತಲ್ರಿ."

"ಅದೂ ಖರೆ, ಇದೂ ಖರೆ. ಎರಡೂ ಕಡೆ ಮಂದಿ ಸಿಟ್ಟಿನ್ಯಾಗ ಅದಾರ. ಹಂಗs ಕಳಿಸಿದ್ರ ದಾರ್ಯಾಗ ಬಡದಾಡ್ತಾರ."

ನಾನು ನಿಯಮ ಹೇಳಿದೆ. ದ್ವೀಪದ ಕಥೆಯನ್ನೂ ಹೇಳಿದೆ. ಎಲ್ಲರೂ ಮಿರ್ಚಿ ಮುರಿಯುತ್ತ ಗೌರವದಿಂದ ಕೇಳಿದರು, ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಹಳ ಹೊತ್ತಿನ ಮೇಲೆ ಸಾವಕಾರರು ಎದ್ದು ಮೈಕು ಹಿಡಿದರು. ಎರಡೂ ತಂಡ ಗೆದ್ದಂತೆ. ಮುಂದಿನ ಸುತ್ತಿಗೆ ಎರಡೂ ಕಡೆಯ ಒಳ್ಳೆ ಆಟಗಾರರನ್ನು ಕೂಡಿಸಿ ಒಂದೇ ತಂಡ ಮಾಡಿ ಕಳಿಸುವುದು. ಜೋರು ಚಪ್ಪಾಳೆ. ಇಂಡಿಯ ಇಬ್ಬರು ಸದಸ್ಯರೂ ಒಪ್ಪಿದ್ದರು. ಅವರಲ್ಲೊಬ್ಬರು ಮುದ್ದೇಬಿಹಾಳಕ್ಕೆ ಮಗಳನ್ನು ಕೊಟ್ಟವರು, ಬೀಗರ ಮುಂದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಎರಡು ತಾಲೂಕಿನ ಪುಢಾರಿಗಳು ಕಪ್ಪಿನ ಒಂದೊಂದು ಕಿವಿ ಹಿಡಿದು ಫೋಟೋ ತೆಗೆಸಿಕೊಂಡರು.

ಆಮೇಲೆ ಸಕ್ಕರೆ. ಸಾವಕಾರರು ತಟ್ಟೆ ಹಿಡಿದು ನಾಯಕಿಯರ ಹತ್ತಿರ ಬಂದರು. ಇಂಡಿಯ ಹುಡುಗಿ ಹಲ್ಲು ಕಚ್ಚಿ ನಿಂತಿದ್ದಳು. ಪಕ್ಕದಲ್ಲಿದ್ದ ಅವಳ ಅಪ್ಪ ಮೆಲ್ಲಗೆ, "ತಿನ್ನವ್ವಾ, ಹಿರ್ಯಾರು ಕೊಡಾಕತ್ತಾರ," ಅಂದರು. ಅಪ್ಪನ ಮುಖ ನೋಡಿ ಬಾಯಿ ತೆರೆದಳು. ಮುದ್ದೇಬಿಹಾಳದ ನಾಯಕಿ, ಅವಳೇ ಅವರ ಗೋಲ್‌ಕೀಪರ್, ಕರೆಯುವ ಮೊದಲೇ ಸಾವಕಾರರ ಕಡೆ ಭರಭರ ಬಂದಳು. ಸಕ್ಕರೆಗೆ ಬಂದಳೆಂದು ಎಲ್ಲರೂ ನಕ್ಕರು. ಸಾವಕಾರರೂ ನಗುತ್ತ ಅವಳಿಗೆ ಎಲ್ಲರಿಗಿಂತ ಒಂದು ಚಿಟಿಕೆ ಹೆಚ್ಚೇ ಹಾಕಿದರು.

ನಾನು ಅಂದುಕೊಂಡ ಹಾಗೇ ಆಯಿತು. ಕೂಡಿಸಿದ ತಂಡದ ಹೆಸರುಗಳನ್ನು ಕಳಿಸಿದ್ದಕ್ಕೆ ವಿಭಾಗದ ಕಚೇರಿಯಿಂದ ಫೋನು ಬಂತು. ಗೆದ್ದ ಒಂದು ತಂಡ ಮಾತ್ರ, ಆ ತಂಡದ ಹುಡುಗಿಯರು ಮಾತ್ರ. ಶನಿವಾರ ಸಂಜೆಯೊಳಗೆ ರೆಫರಿ ಮತ್ತು ಅಧ್ಯಕ್ಷರ ಸಹಿಯ ಜೊತೆ ಬರಬೇಕು, ಇಲ್ಲದಿದ್ದರೆ ನಿಮ್ಮ ಭಾಗದಿಂದ ಯಾರೂ ಇಲ್ಲ. ಸಾವಕಾರರು ನನಗೆ ಫೋನ್ ಮಾಡಿ, ಹಾಗಾದರೆ ದೇವರ ಮುಂದೆ ಚೀಟಿ ಎತ್ತಿಸೋಣ ಎಂದರು. ನಾನು ಫೋನ್ ಇಟ್ಟುಬಿಟ್ಟೆ. ಗೋಲನ್ನು ಚೀಟಿಯಲ್ಲಿ ಹುಡುಕುವುದು ಅಂದರೆ ಏನು. ಸ್ವಲ್ಪ ಹೊತ್ತಿಗೆ ಲಚ್ಯಾಣದಿಂದ ಆ ಹುಡುಗಿಯ ಫೋನು. ಸುದ್ದಿ ಅವಳಿಗೂ ಮುಟ್ಟಿತ್ತು.

"ಚೀಟಿ ನಮಗ ಬಂದ್ರೂ ನಾ ಒಲ್ಲೆರಿ ಮೇಡಂ," ಅಂದಳು. "ಆಡಿ ಗೆದ್ದೇವಿ ನಾವು."

ಶನಿವಾರ ನನಗೆ ಮುಂಜಾನೆ ಸಾಲಿ. ಮುಗಿಸಿದವಳೇ ಮನೆಗೂ ಹೋಗದೆ ತಾಳಿಕೋಟೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಯಬೇಕಾದ ಮಾತುಗಳನ್ನು ಒಂದೊಂದೇ ಜೋಡಿಸಿಕೊಂಡೆ. ಅಡತಿ ಅಂಗಡಿಯಲ್ಲಿ ತೊಗರಿ ಚೀಲಗಳ ನಡುವೆ ಗಾದಿಯ ಮೇಲೆ ಕುಳಿತಿದ್ದ ಸಾವಕಾರರು ನನ್ನ ಮುಖ ನೋಡಿದ್ದೇ ಗುಮಾಸ್ತನನ್ನು ಹೊರಗೆ ಕಳಿಸಿದರು. ನಾನು ಜೋಡಿಸಿಕೊಂಡದ್ದನ್ನೆಲ್ಲ ಹೇಳಿದೆ. ನಿಮ್ಮ ಒಳ್ಳೇತನ ಒಂದು ಹುಡುಗಿಯ ಕೊನೇ ವರ್ಷವನ್ನು ತಿನ್ನುತ್ತಿದೆ ಎಂದೆ. ನಿಮ್ಮ ತಾಲೂಕು ಸೋತಿದ್ದಕ್ಕೆ ರಾಜಿ ನೆನಪಾಯಿತೇ ಎಂದೂ ಕೇಳಿದೆ. ಅದೊಂದು ಮಾತಿಗೆ ಅವರ ಮುಖ ಕಪ್ಪಿಟ್ಟಿತು.

"ಗೆದ್ದಿದ್ರೂ ಇದನ್ನs ಮಾಡ್ತಿದ್ದೆರಿ," ಅಂದರು. ನನಗೂ ಅದು ಗೊತ್ತಿತ್ತು.

ಆಮೇಲೆ ಅವರು ತಮ್ಮ ತಂಗಿಯ ವಿಷಯ ಹೇಳಿದರು. ಅವರು ಹುಟ್ಟಿದ ಹಳ್ಳಿಯಲ್ಲಿ ಎರಡು ಓಣಿಗಳ ನಡುವೆ ಕಬಡ್ಡಿ ಪಂದ್ಯವಾಗಿತ್ತಂತೆ. ಹೊರಗಿನಿಂದ ಕರೆಸಿದ ರೆಫರಿ ಕೊನೆಯ ಪಾಯಿಂಟು ಒಂದು ಓಣಿಗೆ ಕೊಟ್ಟ. ಜಗಳ ಹತ್ತಿತು. ಕೋಲು ಬಂದವು, ಕೇಸು ಬಂದವು. ಎರಡು ಓಣಿಯ ನಡುವೆ ಹೋಗುಬರುವುದು ನಿಂತೇ ಹೋಯಿತು. ತಂಗಿಯನ್ನು ಆಚೆ ಓಣಿಗೇ ಕೊಟ್ಟಿದ್ದರು. ತಾಯಿ ಹಾಸಿಗೆ ಹಿಡಿದಾಗ ಅವಳ ಅತ್ತೆ ಮನೆಯವರು ಕಳಿಸಲಿಲ್ಲ. ತಾಯಿ ತೀರಿದ ಮೇಲೆ ಬಂದು ಹೊಸ್ತಿಲಲ್ಲಿ ನಿಂತು ಅತ್ತು ಹೋದಳಂತೆ, ಒಳಗೆ ಬರಲಿಲ್ಲ.

"ಆಂವ ತಪ್ಪ ಹೇಳಿದ್ನೋ ಇಲ್ಲೋ ನನಗ ಗೊತ್ತಿಲ್ಲರಿ. ಬರೊಬ್ಬರಿ ಇದ್ರೂ ಇರಬಹುದು. ಸೀಟಿ ಊದಿದಾಂವ ಸಂಜಿ ಬಸ್ ಹತ್ತಿ ಹೋದ ಅಕ್ಕೋರ. ಉಳದಾವ್ರು ನಾವು."

ನಾನೂ ಸಂಜೆ ಬಸ್ಸು ಹತ್ತಿ ಹೋಗುವವಳೇ. ಅವರ ಮೇಲಿನ ಸಿಟ್ಟು ಇಳಿಯಿತು, ಇಳಿಯಬಾರದಿತ್ತು ಎಂದು ನನ್ನ ಮೇಲೇ ಸಿಟ್ಟು ಬಂತು. ಲಚ್ಯಾಣದ ಹುಡುಗಿಯ ಕೆಲಸ ಹಾಗೇ ಉಳಿದಿತ್ತಲ್ಲ.

"ನೀವು ಮಾಡಿಸಿದ ರಾಜಿ ಮುರಿಯಾಕ ಬರಂಗಿಲ್ಲೇನ್ರಿ ಹಂಗಾದ್ರ?" ಎಂದು ಕೇಳಿದೆ.

"ನಾ ಮುರಿಯಾಂವ ಅಲ್ಲ. ಸಕ್ಕರಿ ತಿಂದಾವ್ರು ತಮ್ಮ ಪಾಲು ತಾವಾಗಿ ತಿರುಗಿ ಕೊಡತೀವಂದ್ರ ಬ್ಯಾರೆ ಮಾತು. ಅದು ಅವರ ದೊಡ್ಡಸ್ತಿಕಿ."

"ಇಂಡಿಯವ್ರಿಗಂತೂ ಕೇಳೂದು ಬ್ಯಾಡ. ಮುದ್ದೇಬಿಹಾಳದವ್ರನ್ನ ಕೇಳೂಣು ನಡ್ರಿ."

"ಮೆಂಬರ್ ಇಬ್ಬರೂ ಒಪ್ಪಂಗಿಲ್ಲ, ನಾ ಅವರನ್ನ ಬಲ್ಲೆ."

"ಮೆಂಬರನ್ನ ಯಾರು ಕೇಳ್ತಾರ್ರಿ. ನೀವು ಸಕ್ಕರಿ ಹಾಕಿದ್ದು ಹುಡುಗ್ಯಾರ ಬಾಯಿಗೆ."

ಇದು ಸಾವಕಾರರಿಗೆ ಹೊಳೆದಿರಲೇ ಇಲ್ಲವೆಂದು ಕಾಣುತ್ತದೆ. ಟೊಪ್ಪಿಗೆ ಸರಿ ಮಾಡಿಕೊಂಡು ಎದ್ದರು, ಅವರ ಜೀಪಿನಲ್ಲೇ ಮುದ್ದೇಬಿಹಾಳಕ್ಕೆ ಹೋದೆವು.

ಗೋಲ್‌ಕೀಪರ್ ಹುಡುಗಿಯ ಮನೆಗೆ ಹೊಂದಿಕೊಂಡೇ ಹಿಟ್ಟಿನ ಗಿರಣಿ. ಅದನ್ನು ನಡೆಸುವುದು ಅವಳ ತಾಯಿ. ಮೈ ಮೇಲಿನ ಹಿಟ್ಟು ಝಾಡಿಸಿಕೊಂಡು ಬಂದು, ಸಾವಕಾರರೇ ತಮ್ಮ ಮನೆಗೆ ಬಂದದ್ದು ನೋಡಿ ಗಾಬರಿಯಾದರು. ಮನೆಯಲ್ಲಿ ಏನೋ ತಪ್ಪಾಗಿದೆ ಎಂದುಕೊಂಡರೇನೋ. ನೀರು ಕೊಟ್ಟರು, ಗಿರಣಿ ನಿಲ್ಲಿಸಿದರು. ಹುಡುಗಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಉದ್ದನೆಯ ಹುಡುಗಿ, ಕೈಗಳು ದೊಡ್ಡವು.

ಸಾವಕಾರರು ಸುತ್ತಿ ಬಳಸಿ ಮಾತಾಡುವವರು, ಅವತ್ತು ಮಾತ್ರ ನೇರ ಕೇಳಿದರು. "ಯವ್ವಾ, ಚೆಂಡು ಒಳಗ ಬಿತ್ತೋ, ಹೊರಗ ಬಿತ್ತೋ? ನಿನಗಿಂತ ಹತ್ರ ಯಾರೂ ಇದ್ದಿಲ್ಲ."

"ಒಳಗs ಬಿತ್ತುರಿ."

ತಾಯಿ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮಗಳನ್ನು ನೋಡಿದರು.

"ಅವತ್ತs ಯಾಕ ಹೇಳಲಿಲ್ಲವ್ವಾ? ಅಷ್ಟೊತ್ತು ಕುಂತಿದ್ವಿ ನಾವು."

"ನಮ್ಮನ್ನ ಗಿಡದ ಬುಡಕ ಕೂಡಿಸಿದ್ರಿ. ಯಾರರ ಬಂದು ಕೇಳ್ತಾರಂತ ನಾನೂ ಕುಂತಿದ್ದೆ. ಯಾರೂ ಬರಲಿಲ್ಲ. ಕಡೀಕ ನಾನs ಹೇಳಬೇಕಂತ ನಿಮ್ಮ ಹತ್ರ ಬಂದ್ನಿ. ಬಾಯಿ ತೆರೀತಿದ್ದಂಗs ನೀವು ಸಕ್ಕರಿ ಹಾಕಿದ್ರಿ."

ಅವಳು ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ, ನಡೆದದ್ದು ಹೇಳಿದಳು ಅಷ್ಟೆ. ಸಾವಕಾರರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಎಷ್ಟೋ ಮನೆಗಳ ಜಗಳ ತೀರಿಸಿದ ಮನುಷ್ಯ, ಎಷ್ಟು ಬಾಯಿಗೆ ಸಕ್ಕರೆ ಹಾಕಿದ್ದರೋ. ಅದರಲ್ಲಿ ಎಷ್ಟು ಬಾಯಿ ಏನು ಹೇಳಲಿಕ್ಕೆ ತೆರೆದಿದ್ದವು ಎಂದು ಆಗ ಯೋಚಿಸುತ್ತಿದ್ದರೆಂದು ನನಗೆ ಅನಿಸಿತು. ನನಗೂ ನಾಚಿಕೆಯಾಯಿತು. ಹುಡುಗಿಯರ ಪರವಾಗಿ ಶಾಮಿಯಾನದ ಕೆಳಗೆ ಅಷ್ಟು ವಾದಿಸಿದವಳು, ಆ ಗಿಡದ ಕಡೆಗೆ ನಾನೂ ಹೋಗಿರಲಿಲ್ಲ.

"ಹಂಗಾದ್ರ ಇಂಡಿಯವ್ರು ಗೆದ್ದಂಗ ಆತು. ನಿನ್ನ ಒಪ್ಪಿಗಿ ಐತೇನವ್ವಾ?"

"ಅವರು ಗೆದ್ದs ಇದ್ರಲ್ರಿ," ಅಂದಳು ಹುಡುಗಿ.

ಅಲ್ಲೇ ಗಿರಣಿಯ ಕಟ್ಟೆಯ ಮೇಲೆ ಇಂಡಿ ಗೆದ್ದಿದೆ ಎಂದು ಬರೆದು ಇಬ್ಬರೂ ಸಹಿ ಮಾಡಿದೆವು, ಹುಡುಗಿಯ ಫೋನಿನಲ್ಲೇ ಫೋಟೋ ತೆಗೆದು ಮೇಲಕ್ಕೆ ಕಳಿಸಿದೆವು. ಲಚ್ಯಾಣಕ್ಕೆ ಫೋನ್ ಮಾಡಿದಾಗ ಎತ್ತಿದ್ದು ಮಾಸ್ತರರು. ವಿಷಯ ಕೇಳಿ, "ನಾನs ತಿನ್ನಂತ ಹೇಳಿದ್ದೆರಿ ಆಕಿಗೆ," ಎಂದಷ್ಟೇ ಹೇಳಿ ಮಗಳ ಕೈಗೆ ಕೊಟ್ಟರು.

ಮುದ್ದೇಬಿಹಾಳದಲ್ಲಿ ಗದ್ದಲ ಆಗದೆ ಇರಲಿಲ್ಲ. ಆದರೆ ಸಾವಕಾರರು ಎಲ್ಲಿಯೂ ಆ ಹುಡುಗಿಯ ಹೆಸರು ತೆಗೆಯಲಿಲ್ಲ. ರಾಜಿ ಮುರಿದವನು ನಾನು, ಏನು ಅನ್ನುವುದಿದ್ದರೂ ನನಗೆ ಅನ್ನಿರಿ ಎಂದರು. ಮಂದಿ ಅಂದರು ಕೂಡ. ತಮ್ಮ ಪಾಳಿ ಮುಗಿಯುವ ಮೊದಲೇ ಖುರ್ಚಿ ಬಿಟ್ಟರು. ಮುಂದಿನ ಸಭೆಯಲ್ಲಿ ನಾನು, ರೆಫರಿಯ ತೀರ್ಪನ್ನು ಇನ್ನು ಯಾರೂ ರಾಜಿಗೆ ತರಬಾರದು ಎಂದು ನಿಯಮ ಮಾಡಿರಿ ಎಂದು ಕೇಳಿಕೊಂಡೆ. ಕೈ ಎತ್ತಿಸಿರಿ ಎಂದೂ ಹೇಳಿದೆ. ಅದೆಲ್ಲ ಯಾಕೆ, ಒಮ್ಮತ ಇದೆಯಲ್ಲ ಎಂದು ಎಲ್ಲರೂ ಒಪ್ಪಿ ಚಹಾ ತರಿಸಿದರು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸಾವಕಾರರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಇನ್ನೊಂದು ಸೇರಿಸಿಕೊಳ್ಳಿ ಎಂದು ಅವರೇ ಎದ್ದರು. ಯಾವ ತಂಡದ ವಿಷಯ ಮಾತಾಡುವಾಗಲೂ ಆ ತಂಡದ ನಾಯಕ, ನಾಯಕಿಯರನ್ನು ಸಭೆಯ ಒಳಗೇ ಕೂಡಿಸಬೇಕು ಎಂದರು. ಅದಕ್ಕೆ ಮಾತ್ರ ಒಂದಿಬ್ಬರು ಮೂಗು ಮುರಿದರು, ಆದರೂ ಆಯಿತು.

ವಿಭಾಗ ಮಟ್ಟಕ್ಕೆ ಇಂಡಿಯ ಹುಡುಗಿಯರ ಜೊತೆ ನಾನೂ ಹೋಗಿದ್ದೆ, ತಂಡಕ್ಕೊಬ್ಬ ಹೆಂಗಸು ಬೇಕೆಂದು. ಎದುರಿಗೆ ಬಂದವರು ದೊಡ್ಡ ಊರಿನವರು, ಹುಲ್ಲಿನ ಮೈದಾನದಲ್ಲಿ ದಿನವೂ ಆಡುವವರು. ನಮ್ಮ ಹುಡುಗಿಯರಿಗೆ ಹುಲ್ಲಿನ ಮೇಲೆ ಚೆಂಡು ಹೇಗೆ ಓಡುತ್ತದೆ ಎಂಬುದೇ ತಿಳಿಯಲಿಲ್ಲ. ಮೂರು ಗೋಲು ಹೊಡೆಸಿಕೊಂಡರು, ಒಂದೂ ಹೊಡೆಯಲಿಲ್ಲ. ಆಯ್ಕೆದಾರರು ನೆರಳಲ್ಲಿ ಕುಳಿತು ಕೊನೆಯವರೆಗೂ ನೋಡಿದರು. ಲಚ್ಯಾಣದ ಹುಡುಗಿ ಮೈ ಮರೆತು ಆಡಿದಳು, ಎರಡು ಸಲ ಒಬ್ಬಳೇ ಚೆಂಡು ಒಯ್ದಳು. ಸಂಜೆ ಗೋಡೆಗೆ ಹಚ್ಚಿದ ಹೆಸರುಗಳಲ್ಲಿ ಅವಳ ಹೆಸರು ಇರಲಿಲ್ಲ. ಅವಳು ಮೇಲಿನಿಂದ ಕೆಳಗೆ ಒಮ್ಮೆ ಓದಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದಳು.

ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಳು. ಏನು ಹೇಳಿ ಸಮಾಧಾನ ಮಾಡಲಿ ಎಂದು ನಾನು ಹುಡುಕುತ್ತಿದ್ದೆ. ನೀನು ಚೆನ್ನಾಗಿ ಆಡಿದೆ, ಅವರಿಗೆ ಕಣ್ಣಿಲ್ಲ ಎಂದು ಶುರು ಮಾಡಿದೆ. ಅವಳು ತಡೆದಳು.

"ಬ್ಯಾಡ್ರಿ ಮೇಡಂ. ಅವರು ನೋಡಿದ್ರು, ಆಕಿ ಆಗಂಗಿಲ್ಲಂದ್ರು. ನನಗಿಂತ ಛಲೋ ಆಡಾವ್ರು ಇದ್ರು ಅಲ್ಲಿ." ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, "ಗೆದ್ದದ್ದನ್ನ ಅರ್ಧಾ ಮಾಡಿ ಹಂಚಿದ್ರು. ಇವತ್ತ ಸೋತದ್ದು ಪೂರಾ ನಮ್ದs. ಇದನ್ನ ಯಾರೂ ಕಸಗೊಳ್ಳಾಕ ಬರಲಿಲ್ಲ."

ಅಷ್ಟು ಹೇಳಿದ ಮೇಲೆ ಅವಳಿಗೆ ಅಳು ಬಂತು. ಬಾಯಿ ಮುಚ್ಚಿಕೊಳ್ಳದೆ, ಹಿಂದೆ ಕುಳಿತವರು ತಿರುಗಿ ನೋಡುವಷ್ಟು ಜೋರಾಗಿ ಅತ್ತಳು. ನಾನು ಸುಮ್ಮನಿರು ಎನ್ನಲಿಲ್ಲ.